ಟ್ರೈಸೈಕ್ಲಜೋಲ್ ಹಾಕಿದರೂ ಪ್ಲೇಟಿನಲ್ಲಿ ಬೂಷ್ಟು ಬೆಳೆಯುತ್ತಿದೆ: ಇದು ನಿರೋಧಕತೆಯೇ?

ಅಗರ್‌ತಟ್ಟೆ:
ಭತ್ತದ ಬೆಂಕಿ ರೋಗದ ಶಿಲೀಂಧ್ರವನ್ನು ಪಿಡಿಎ (ಆಲೂಗಡ್ಡೆ-ಗ್ಲೂಕೋಸ್ ಅಗರ್) ಮೇಲಿಟ್ಟು ಪಾಯ್ಸನ್ಡ್ ಫುಡ್ ಪರೀಕ್ಷೆ (ಮಾಧ್ಯಮಕ್ಕೇ ಔಷಧಿ ಬೆರೆಸಿ ಬೆಳವಣಿಗೆ ಅಳೆಯುವುದು) ನಡೆದಿದೆ. ಟ್ರೈಸೈಕ್ಲಜೋಲ್ 75 ಡಬ್ಲ್ಯೂಪಿ (75% ಔಷಧಿ ಇರುವ, ನೀರಿಗೆ ಬೆರೆಸುವ ಪುಡಿ), 1 ಪಿಪಿಎಂ. ಹತ್ತು ದಿನವಾದರೂ ಕಾಲೊನಿಯ ಅಗಲ ಕಂಟ್ರೋಲ್‌ನಷ್ಟೇ ಇದೆ. ಕಪ್ಪುಬೂದು ಹೋಗಿ ಕೆಂಚು ಬಣ್ಣ ಬಂದಿದೆ, ಅಷ್ಟೇ. ಟೆಬುಕೊನಜೋಲ್ ಪ್ಲೇಟಿನಲ್ಲಿ ಬೆಳವಣಿಗೆ ನಿಂತಿದೆ. ನಿರೋಧಕತೆ ಅಂತ ಬರೆಯಬಹುದಾ? ಬೇರೆ ಕಿಣ್ವ ತಡೆಯುವ ಅಣುಗಳನ್ನೂ ಇದೇ ವಿಧಾನದಲ್ಲಿ ನೋಡಬೇಕಿದೆ.

ಗದ್ದೆಬದು:
ಬರೆಯಬೇಡಿ. ಆ ಕೆಂಚು ಬಣ್ಣವೇ ಔಷಧಿ ಕೆಲಸ ಮಾಡುತ್ತಿರುವ ಗುರುತು. ಟ್ರೈಸೈಕ್ಲಜೋಲ್ ಹಿಡಿಯುವುದು ಮೆಲನಿನ್ (ಶಿಲೀಂಧ್ರದ ಕಪ್ಪು ಬಣ್ಣ) ತಯಾರಿಯ ರಿಡಕ್ಟೇಸ್ ಕಿಣ್ವವನ್ನು. ಮುಂದೆ ಹೋಗಲಾಗದ ಸರಕು ಫ್ಲಾವಿಯೋಲಿನ್‌ನಂಥ ಬಣ್ಣಗಳಾಗಿ ಅಲ್ಲೇ ಸೇರಿಕೊಳ್ಳುತ್ತದೆ. ಅಗರ್ ಮೇಲೆ ಬದುಕಲು ಮೆಲನಿನ್ ಬೇಕಿಲ್ಲ, ಎಲೆ ಚುಚ್ಚಲು ಬೇಕು. ಎಲೆ ಚುಚ್ಚುವ ಅಂಗವಾದ ಅಪ್ರೆಸೋರಿಯಂ ಒಳಗೆ 8 ಮೆಗಾಪಾಸ್ಕಲ್‌ವರೆಗೆ ಒತ್ತಡ ಏರುತ್ತದೆ. ಮೆಲನಿನ್ ಪದರ ಇಲ್ಲದಿದ್ದರೆ ಒಳಗಿನ ಗ್ಲಿಸರಾಲ್ ಸೋರಿ ಒತ್ತಡ ಕೂರುವುದೇ ಇಲ್ಲ.

ಹಾಗಾಗಿ ಪರೀಕ್ಷೆ ಸಸಿಯ ಮೇಲೇ ಆಗಬೇಕು. ಎಚ್‌ಆರ್-12ರಂಥ ರೋಗಕ್ಕೆ ಬೇಗ ತುತ್ತಾಗುವ ತಳಿ, 3-4 ಎಲೆಯ ಹಂತ. ಇವತ್ತು ಔಷಧಿ, ನಾಳೆ ಮಿಲಿಗೆ 1 ಲಕ್ಷ ಬೀಜಕಣದ ದ್ರಾವಣ (0.02% ಟ್ವೀನ್-20 ಸೇರಿಸಿ). 25 ಡಿಗ್ರಿಯಲ್ಲಿ 24 ಗಂಟೆ ಕತ್ತಲು, ತೇವ ತುಂಬಿರಲಿ. ಏಳನೇ ದಿನ ಚುಕ್ಕೆ ಎಣಿಸಿ. ಬೀಜಕಣ ಮೊದಲು ಸಿಂಪಡಿಸಿ ಎರಡು ದಿನ ಬಿಟ್ಟು ಔಷಧಿ ಹೊಡೆದರೆ ಫಲ ಕಾಣದು, ಅಷ್ಟರಲ್ಲಿ ಶಿಲೀಂಧ್ರ ಎಲೆಯೊಳಗೆ ಹೊಕ್ಕಿರುತ್ತದೆ.

ಕಿಣ್ವಪ್ರಿಯ:
ಬೇರೆ ಅಣುಗಳ ವಿಚಾರ: ಪ್ಲೇಟಿನ ಆಹಾರವೇ ಕಿಣ್ವದ ಕೊರತೆಯನ್ನು ಮುಚ್ಚಿಹಾಕಬಹುದು. ಟೆಬುಕೊನಜೋಲ್‌ನಂಥ ಅಜೋಲ್‌ಗಳಿಗೆ ಪಿಡಿಎ ಸಾಕು. ಬಾಸ್ಕಲಿಡ್ ತರಹದ ಎಸ್‌ಡಿಎಚ್‌ಐಗೆ (ಉಸಿರಾಟದ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕಿಣ್ವ ತಡೆಯುವ ಔಷಧಿ) ಗ್ಲೂಕೋಸ್ ಇಲ್ಲದ ವೈಬಿಎ ಮಾಧ್ಯಮ ಒಳ್ಳೆಯದು: ಲೀಟರಿಗೆ ಯೀಸ್ಟ್ ಸಾರ 10 ಗ್ರಾಂ, ಪೆಪ್ಟೋನ್ 10, ಸೋಡಿಯಂ ಅಸಿಟೇಟ್ 20, ಅಗರ್ 15. ಗ್ಲೂಕೋಸ್ ಇದ್ದರೆ ಉಸಿರಾಟದ ಕಿಣ್ವ ಕುಂಟಿದರೂ ಶಿಲೀಂಧ್ರ ಹೇಗೋ ದಿನ ದೂಡುತ್ತದೆ. ಉಸಿರಾಟ ತಡೆಯುವ ಅಜಾಕ್ಸಿಸ್ಟ್ರೋಬಿನ್‌ಗೆ 100 ಪಿಪಿಎಂ ಶ್ಯಾಮ್ (ಸ್ಯಾಲಿಸಿಲ್‌ಹೈಡ್ರಾಕ್ಸಾಮಿಕ್ ಆಮ್ಲ) ಸೇರಿಸಿ, ಇಲ್ಲದಿದ್ದರೆ ಶಿಲೀಂಧ್ರ ಆಲ್ಟರ್ನೇಟಿವ್ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವದ ಮೂಲಕ ಬಳಸುದಾರಿ ಹಿಡಿಯುತ್ತದೆ. ಕಂಟ್ರೋಲ್‌ಗೂ ಅಷ್ಟೇ ಶ್ಯಾಮ್ ಬೇಕು, ಅದೇ ಸ್ವಲ್ಪ ಬೆಳವಣಿಗೆ ತಗ್ಗಿಸುತ್ತದೆ. ಇದನ್ನು ಮರೆಯುವವರು ಬಹಳ. ಇಪ್‌ಫ್ಲುಫೆನೊಕ್ವಿನ್‌ನಂತೆ ಡಿಎಚ್‌ಒಡಿಎಚ್ (ಡಿಎನ್‌ಎ, ಆರ್‌ಎನ್‌ಎಗೆ ಬೇಕಾದ ಪಿರಿಮಿಡಿನ್ ತಯಾರಿಯ ಕಿಣ್ವ) ತಡೆಯುವ ಅಣುವಾದರೆ ಕನಿಷ್ಠ ಪೋಷಕದ ಮಾಧ್ಯಮ ಬಳಸಿ. ಪಕ್ಕದಲ್ಲಿ ಯೂರಿಡಿನ್ (ಸಿದ್ಧ ಪಿರಿಮಿಡಿನ್) ಸೇರಿಸಿದ ಪ್ಲೇಟೂ ಇಡಿ. ಅದರಲ್ಲಿ ಮಾತ್ರ ಬೆಳವಣಿಗೆ ಮರಳಿದರೆ ಪೆಟ್ಟು ಸರಿಯಾದ ಕಿಣ್ವಕ್ಕೇ ಬಿದ್ದಿದೆ.

ಅಗರ್‌ತಟ್ಟೆ:
ಜಪಾನಿನಲ್ಲಿ ಕಾರ್ಪ್ರೊಪಾಮಿಡ್ ಕೈಕೊಟ್ಟಿತಲ್ಲ ಸರ್, ಅದೂ ಮೆಲನಿನ್ ಔಷಧಿಯೇ. ಟ್ರೈಸೈಕ್ಲಜೋಲ್‌ಗೂ ಅದೇ ಗತಿಯಾ?

ಗದ್ದೆಬದು:
ದಾರಿ ಒಂದೇ, ಕಿಣ್ವ ಬೇರೆ. ಕಾರ್ಪ್ರೊಪಾಮಿಡ್ ಹಿಡಿಯುವುದು ಸೈಟಲೋನ್ ಡಿಹೈಡ್ರಟೇಸನ್ನು. ಅದರ 75ನೇ ಜಾಗದ ವ್ಯಾಲಿನ್ ಮೆಥಿಯೊನಿನ್ ಆಯಿತು, ಔಷಧಿ ಸರಿಯಾಗಿ ಕೂರಲಿಲ್ಲ. ರಿಡಕ್ಟೇಸ್‌ಗೂ ಆ ಬದಲಾವಣೆಗೂ ಸಂಬಂಧವಿಲ್ಲ.

ಅಂದಹಾಗೆ ಲೆಕ್ಕ ಸರಿ ನೋಡಿ: 133 ಮಿಲಿಗ್ರಾಂ 75 ಡಬ್ಲ್ಯೂಪಿ 100 ಮಿಲಿ ನೀರಿಗೆ ಬೆರೆಸಿದರೆ 1000 ಪಿಪಿಎಂ. ಅದರಲ್ಲಿ 1 ಮಿಲಿ ಒಂದು ಲೀಟರ್ ಮಾಧ್ಯಮಕ್ಕೆ, ಅಗರ್ 50 ಡಿಗ್ರಿಗೆ ಆರಿದ ಮೇಲೆ. ಪುಡಿ ತಳಕ್ಕಿಳಿಯುತ್ತದೆ, ಪ್ರತಿ ಸಲ ಕುಲುಕಿಯೇ ಪಿಪೆಟ್ ಅದ್ದಿ.