ನಿಬ್ಬಿಗೆ ಬ್ಲೇಡು ಹಾಕುವ ಮುಂಚೆ

ಕೇಳಿದವನು, ಕಲಬುರಗಿ

ಪರೀಕ್ಷೆಗೆ ಓದುತ್ತಿದ್ದೇನೆ. ದಿನಾ ಹತ್ತು ಹನ್ನೆರಡು ಪುಟ ಉತ್ತರ ಬರೆದು ರೂಢಿ ಮಾಡಿಕೊಳ್ಳಬೇಕು. ಅಪ್ಪ ತಾವು ಬರೆಯುತ್ತಿದ್ದ ಇಂಕ್ ಪೆನ್ನು ಕೊಟ್ಟಿದ್ದಾರೆ. ಸ್ಟೀಲ್ ನಿಬ್ಬು, ಒಳಗೆ ತಿರುಗಿಸಿ ಇಂಕು ಎಳೆಯುವ ಕನ್ವರ್ಟರ್. ಎರಡು ವರ್ಷ ಟ್ರಂಕಿನಲ್ಲೇ ಬಿದ್ದಿತ್ತು. ಈಗ ಇಂಕು ತುಂಬಿದರೆ ಮೊದಲು ಮಸ್ತ್ ಬರುತ್ತೆ, ಅರ್ಧ ಪುಟಕ್ಕೆ ಅಕ್ಷರ ತೆಳ್ಳಗಾಗಿ ನಿಂತೇ ಹೋಗುತ್ತೆ. ಕೊಡವಿದರೆ ಒಮ್ಮೆಲೇ ದಪ್ಪ ಹನಿ ಬಿದ್ದು ಹಾಳೆ ಹಾಳು. ರೂಮಿನ ಗೆಳೆಯ ನಿಬ್ಬಿನ ಸೀಳಿನಲ್ಲಿ ಬ್ಲೇಡು ಆಡಿಸು ಅಂತಿದ್ದಾನೆ. ಆಡಿಸಲಾ? ಹೊಸದು ತಗೋ ಅಂತ ಮಾತ್ರ ಹೇಳಬೇಡಿ, ಅಪ್ಪನ ಪೆನ್ನು.

ಹೈಸ್ಕೂಲ್ ಟೀಚರ್, ಶಹಾಬಾದ್

ತಮ್ಮಾ, ಮೊದಲು ಆ ಬ್ಲೇಡು ಕೆಳಗಿಡು. ಹತ್ತನೇ ಕ್ಲಾಸಿನಲ್ಲಿ ನಾನೂ ಅದನ್ನೇ ಮಾಡಿದ್ದೆ. ಆಗ ಎಲ್ಲರ ಕಂಪಾಸ್ ಬಾಕ್ಸಿನಲ್ಲೂ ಪೆನ್ಸಿಲ್ ಕೆತ್ತಲು ಅರ್ಧ ಬ್ಲೇಡು ಇರುತ್ತಿತ್ತು. ಸೀಳಿನಲ್ಲಿ ಎರಡು ಸಲ ಆಡಿಸಿದೆ ಅಷ್ಟೇ, ನಿಬ್ಬು ಕಾಗೆ ಕೊಕ್ಕಿನಂತೆ ಬಾಯಿ ಬಿಟ್ಟಿತು. ಆಮೇಲೆ ಇಂಕು ತುದಿಗೆ ಬರಲೇ ಇಲ್ಲ. ಯಾಕೆ ಅಂತ ತಿಳಿದದ್ದು ಭಾಳ ವರ್ಷಕ್ಕೆ. ಇಂಕು ಸುಮ್ನೆ ತನ್ನ ಭಾರಕ್ಕೆ ಕೆಳಗೆ ಸುರಿಯೋದಲ್ಲ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ಸಣ್ಣ ಸೀಳು ಅದನ್ನು ಎಳೆಯುತ್ತೆ. ಮೇಲೆ ತೂತಿನ ಹತ್ತಿರ ಸೀಳು ಸ್ವಲ್ಪ ಅಗಲ, ತುದಿಗೆ ಬರುತ್ತಾ ಎರಡು ಕಡೆಯೂ ಇನ್ನೇನು ತಾಗುತ್ತವೆ ಅನ್ನುವಷ್ಟು ಹತ್ತಿರ. ತುದಿ ಬಿಟ್ಟುಕೊಂಡರೆ ಎಳೆತ ಹೋಯ್ತು. ಶೇವಿಂಗ್ ಬ್ಲೇಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತೆ. ಪೆನ್ನು ರಿಪೇರಿ ಗೊತ್ತಿದ್ದವರು ಸೀಳು ಸ್ವಚ್ಛ ಮಾಡಲು ಬಳಸುವ ಹಿತ್ತಾಳೆಯ ತೆಳು ತಗಡು 0.05 ಮಿ.ಮೀ., ಅಂದರೆ ಅದರ ಅರ್ಧ. ಅದು ಮೆತ್ತಗೂ ಇರುತ್ತೆ, ನಿಬ್ಬನ್ನು ಕೊರೆಯೋದಿಲ್ಲ. ಅದೂ ಕೊನೇ ಉಪಾಯ, ಮೊದಲನೆಯದಲ್ಲ.

ನಿನ್ನ ನಿಬ್ಬಿಗೆ ಏನೂ ಆಗಿಲ್ಲ ಅಂತ ನನ್ನ ಅಂದಾಜು. ನಿಬ್ಬೇ ಕೆಟ್ಟಿದ್ದರೆ ಮೊದಲ ಸಾಲಿನಿಂದಲೇ ತಕರಾರು ಮಾಡುತ್ತಿತ್ತು, ಅಲ್ವಾ? ನಿಬ್ಬಿನ ಕೆಳಗೆ ಕಪ್ಪನೆಯ ಭಾಗ ಇದೆಯಲ್ಲ, ನಾವು ನಾಲಿಗೆ ಅಂತಿದ್ವಿ, ಈಗಿನವರು ಫೀಡ್ ಅಂತಾರೆ. ಅದರ ಗೀರುಗಳಲ್ಲಿ ಒಂದಿಷ್ಟು ಇಂಕು ನಿಂತಿರುತ್ತೆ. ನೀನು ಬರೆಯುವ ಅರ್ಧ ಪುಟ ಆ ಇಂಕಿನದು. ಅದು ಮುಗಿದ ಮೇಲೆ ಹಿಂದಿನಿಂದ ಹೊಸ ಇಂಕು ಬರುತ್ತಿಲ್ಲ. ಬರಬೇಕಾದರೆ ಇಂಕು ಹೊರಗೆ ಹೋದಷ್ಟೇ ಗಾಳಿ ಒಳಗೆ ಹೋಗಬೇಕು. ನೀರಿನ ಬಾಟಲಿ ಬೋರಲು ಹಿಡಿದರೆ ಗುಳುಗುಳು ಅನ್ನುತ್ತಲ್ಲ, ಅದೇ ಲೆಕ್ಕ. 1884ರಲ್ಲಿ ನ್ಯೂಯಾರ್ಕಿನ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ನಾಲಿಗೆಗೇ, ಇಂಕು ಇಳಿಯಬೇಕು, ಗಾಳಿ ಏರಬೇಕು, ಹನಿ ಮಾತ್ರ ಬೀಳಬಾರದು ಅಂತ. ನಿನ್ನ ಪೆನ್ನಿನಲ್ಲಿ ಈ ಹೋಗೋ ಬರೋ ದಾರಿ ಎಲ್ಲೋ ಕಟ್ಟಿದೆ.

ಎಲ್ಲಿ ಅಂತ ನೋಡೋಣ. ಬರೆಯುತ್ತಾ ಹೋಗು, ನಿಂತ ಕೂಡಲೇ ಕೊಡವಬೇಡ. ನಿಬ್ಬು ಕೆಳಮುಖವಾಗೇ ಇರಲಿ, ಹಿಂದಿನ ಕೊಳವೆ ಬಿಚ್ಚಿ ಕನ್ವರ್ಟರನ್ನು ಬೆಳಕಿಗೆ ಹಿಡಿ. ಇಂಕು ಮೇಲೆ ಪಿಸ್ಟನ್ ಹತ್ತಿರ ಅಂಟಿಕೊಂಡು ಕೆಳಗೆ ಬರೀ ಗಾಳಿ ಗುಳ್ಳೆ ಕೂತಿದ್ದರೆ ತಪ್ಪು ಕನ್ವರ್ಟರಿನದು. ಕನ್ವರ್ಟರಿನ ಕೊಳವೆ ಸಣ್ಣದಾದ್ದರಿಂದ ಇಂಕು ಗೋಡೆ ಬಿಟ್ಟು ಜಾರೋದಿಲ್ಲ. ಅದನ್ನು ಬಿಚ್ಚಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿದ ನೀರನ್ನು ನಾಲ್ಕು ಸಲ ಎಳೆದು ಬಿಡು, ಆಮೇಲೆ ಬರೀ ನೀರು. ಪೈಲಟ್ ಪೆನ್ನಿನ ಕಂಪನಿಯವರು ತಮ್ಮ ಒಂದು ಕನ್ವರ್ಟರಿನೊಳಗೆ ಪುಟ್ಟ ಲೋಹದ ಗುಂಡುಗಳನ್ನು ಹಾಕಿರುತ್ತಾರೆ, ಇಂಕು ಅಂಟಿ ಕೂರದಿರಲಿ ಅಂತಾನೇ. ಅದರ ಬದಲು ಇಂಕು ನಾಲಿಗೆಯ ಬುಡಕ್ಕೇ ತಾಗಿಕೊಂಡಿದ್ದು ಆದರೂ ಬರುತ್ತಿಲ್ಲ ಅಂದರೆ, ನಾಲಿಗೆಯೊಳಗೆ ಹಳೇ ಇಂಕು ಒಣಗಿ ಕೂತಿದೆ. ಎರಡು ವರ್ಷ ಟ್ರಂಕಿನಲ್ಲಿತ್ತು ಅಂದೆ, ಅದೂ ಇದ್ದೇ ಇರುತ್ತೆ.

ತೊಳೆಯೋದು ದೊಡ್ಡ ವಿದ್ಯೆ ಅಲ್ಲ, ತಾಳ್ಮೆ ಬೇಕು. ಸ್ಟೀಲ್ ಲೋಟದಲ್ಲಿ ತಣ್ಣೀರು ತಗೊಂಡು ನಿಬ್ಬು ಮುಳುಗಿಸಿ ಕನ್ವರ್ಟರಿನಿಂದ ಎಳೆದು ಬಿಡು. ಹತ್ತು ಹದಿನೈದು ಸಲಕ್ಕೆ ನೀರು ತಿಳಿಯಾಗುತ್ತೆ, ಆಯ್ತು ಅಂದುಕೊಳ್ಳುತ್ತೀಯ, ಆಗಿರೋದಿಲ್ಲ. ನಿಬ್ಬಿನ ಭಾಗವನ್ನು ರಾತ್ರಿ ಪೂರ್ತಿ ನೀರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಲೋಟ ಅಲ್ಲಾಡಿಸದೆ ನೋಡು. ನಾನು ಹಾಗೆ ಇಟ್ಟಾಗ ತಳದಲ್ಲಿ ದಾರದಂಥ ಒಂದು ನೀಲಿ ಎಳೆ ನಿಬ್ಬಿನಿಂದ ಇಳಿದು ಸುರುಳಿ ಸುತ್ತಿಕೊಂಡಿತ್ತು. ಮೂರನೇ ದಿನ ಅದು ಕಪ್ಪಾಯ್ತು, ಅಂದರೆ ನೀಲಿಗೂ ಹಿಂದಿನ ಕಾಲದ ಇಂಕು! ಐದನೇ ದಿನ ನಿಂತಿತು. ಆಮೇಲೆ ಹಳೇ ಕಾಟನ್ ಬಟ್ಟೆಯಲ್ಲಿ ನಿಬ್ಬು ಸುತ್ತಿ ಕೆಳಮುಖ ಮಾಡಿ ಒಂದು ರಾತ್ರಿ ಇಡು, ಉಳಿದದ್ದನ್ನು ಬಟ್ಟೆ ಕುಡಿಯುತ್ತೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಸ್ಪಿರಿಟ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರಕ್ಕೂ ಬೇಡ.

ನೀರಿನ ಮಾತು ಬಂತು ನೋಡು. ನಮ್ಮ ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ಕಡೆ ನೆಲದ ಕೆಳಗೆ ಇರೋದು ಸುಣ್ಣಕಲ್ಲು. ಮನೆಮನೆಗೆ ಫರಸಿ ಕಲ್ಲು, ಊರೂರಿಗೆ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಅದರಿಂದಲೇ. ಬೋರಿನ ನೀರು ಆ ಕಲ್ಲನ್ನು ಕರಗಿಸಿಕೊಂಡೇ ಮೇಲೆ ಬರುತ್ತೆ, ನೀರು ಕಾಯಿಸುವ ಪಾತ್ರೆ ತಳ ನೋಡಿದರೆ ಗೊತ್ತಾಗುತ್ತೆ. ಅಂಥ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಅದೇ ಬಿಳಿ ಪದರ ಕೂದಲೆಳೆಯಷ್ಟು ದಾರಿಯಲ್ಲೂ ಕೂರುತ್ತೆ. ಕೊನೇ ಎರಡು ಸಲ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನಲ್ಲಿ ತೊಳಿ, ಡಿಸ್ಟಿಲ್ಡ್ ವಾಟರ್ ಅಂತಾರಲ್ಲ ಅದು, ಆ್ಯಸಿಡ್ ಅಲ್ಲ. ದುಬಾರಿಯೇನಲ್ಲ.

ಇನ್ನೊಂದು, ಫ್ಯಾನು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಮಾಮೂಲು, ಫ್ಯಾನು ಐದರಲ್ಲೇ ಇರುತ್ತೆ. ಪುಸ್ತಕ ತಿರುವಿ ಹಾಕುವಷ್ಟರಲ್ಲಿ ತೆರೆದ ನಿಬ್ಬು ಒಣಗುತ್ತೆ. ಯೋಚಿಸುವಾಗ ಕ್ಯಾಪ್ ಹಾಕು. ದೌತಿಯ ಮುಚ್ಚಳವೂ ಬಿಗಿಯಾಗಿರಲಿ, ನೀರು ಆರಿ ಇಂಕು ಗಟ್ಟಿಯಾಗಿದ್ದರೆ ನಾಲ್ಕು ಹನಿ ಬ್ಯಾಟರಿ ನೀರು ಸೇರಿಸು, ನಲ್ಲಿ ನೀರಲ್ಲ. ಇಂಕು ಯಾವುದಾದರೂ ಸಾದಾ ರಾಯಲ್ ಬ್ಲೂ ಸಾಕು, ಬ್ರಿಲ್ಲೋ ಕ್ಯಾಮಲ್ಲೋ. ಎರಡು ಇಂಕು ಬೆರೆಸಬೇಡ. ಚಿತ್ರ ಬರೆಯುವ ಇಂಡಿಯನ್ ಇಂಕ್ ಅಂತೂ ತಪ್ಪಿಯೂ ಹಾಕಬೇಡ, ಅದು ಒಣಗಿದರೆ ನೀರಿಗೆ ಕರಗಲ್ಲ, ಅಪ್ಪನ ಪೆನ್ನು ಅಪ್ಪನ ನೆನಪಾಗಿಯೇ ಉಳಿಯುತ್ತೆ.

ಬೀದರ್‌ನಿಂದ ಒಬ್ಬರು

ಟೀಚರ್ ಎಲ್ಲಾ ಹೇಳಿಬಿಟ್ಟಿದ್ದಾರೆ, ನಾನು ಹನಿ ಬೀಳೋದರ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನದು ಕೊಳವೆಗೇ ನೇರವಾಗಿ ಫಿಲ್ಲರಿನಿಂದ ಇಂಕು ತುಂಬುವ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನು, ಹೈದರಾಬಾದಿಗೆ ಹೋದಾಗ ಅಬಿಡ್ಸ್‌ನ ಡೆಕ್ಕನ್ ಪೆನ್ ಸ್ಟೋರ್ಸ್‌ನಲ್ಲಿ ತಗೊಂಡಿದ್ದು. ಪೂರ್ತಿ ತುಂಬಿದಾಗ ರಾಜನ ಹಾಗೆ ಬರೆಯುತ್ತೆ. ಇಂಕು ಮೂರನೇ ಒಂದು ಭಾಗಕ್ಕೆ ಇಳಿಯಿತೋ, ತಾನೇ ಕಾರಲು ಶುರು. ಒಮ್ಮೆ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗುವಾಗ ಮಧ್ಯಾಹ್ನದ ಬಿಸಿಲು ನೇರವಾಗಿ ಎದೆ ಮೇಲೆ ಬೀಳುತ್ತಿತ್ತು. ಇಳಿದು ಕ್ಯಾಪ್ ತೆಗೆದರೆ ಅದರ ಒಳಗೆಲ್ಲಾ ಇಂಕು, ಬೆರಳು, ಬಿಳಿ ಅಂಗಿ, ಎಲ್ಲಾ ನೀಲಿ. ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ಬಿಸಿಗೆ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತೆ, ಕೈಯ ಬಿಸಿಯೇ ಸಾಕು. ಅರ್ಧ ಆಗುತ್ತಲೇ ತುಂಬಿಕೊಳ್ಳುತ್ತೇನೆ ಈಗ, ಜೇಬಿನಲ್ಲಿ ನಿಬ್ಬು ಮೇಲೆ. ನಿಮ್ಮದು ಕನ್ವರ್ಟರ್, ಈ ಕಾಟ ಕಡಿಮೆ. ನಿಮಗೆ ಹನಿ ಬೀಳೋದು ನೀವು ಕೊಡವಿದ್ದಕ್ಕೇ. ಕೊಡವೋದು ಬಿಟ್ಟು ಹಿಂದಿನ ತಿರುಗಣಿಯನ್ನು ಒಂದು ಚೂರು ತಿರುಗಿಸಿ, ಇಂಕು ಮುಂದೆ ಬರುತ್ತೆ. ಕೆಳಗೆ ಫರಸಿ ಇದ್ದರೆ ಇನ್ನೂ ಹುಷಾರು, ಕೊಡವುವಾಗ ನನ್ನ ತಮ್ಮನ ಪೆನ್ನು ಕೈ ಜಾರಿ ನಿಬ್ಬು ಮೊದಲಾಗಿ ಬಿತ್ತು. ಮುಗೀತು.

ಯಾದಗಿರಿಯಿಂದ ಇನ್ನೊಬ್ಬರು

ಯಾರೂ ಹಾಳೆಯ ಮಾತು ಎತ್ತಿಲ್ಲ. ಅರ್ಧ ಪುಟಕ್ಕೇ ಯಾಕೆ ನಿಲ್ಲಬೇಕು? ನಾನು ಇದು ಗೊತ್ತಾಗದೆ ಒಂದು ಬೇಸಿಗೆಯೆಲ್ಲಾ ಸುಮ್ಮನೆ ಪೆನ್ನು ತೊಳೆದಿದ್ದೇನೆ. ಮೇಲಿನ ಅರ್ಧ ಬರೆಯುವಾಗ ಕೈ ಕೆಳಗಿನ ಅರ್ಧದ ಮೇಲೆ ಊರಿರುತ್ತೆ. ಬೆವರಿನ ಜೊತೆ ಚರ್ಮದ ಎಣ್ಣೆ ಹಾಳೆಗೆ ಹತ್ತುತ್ತೆ, ಅಲ್ಲಿ ಇಂಕು ಹಿಡಿಯಲ್ಲ. ಪರೀಕ್ಷೆ ಸುಲಭ: ಹೊಸ ಹಾಳೆಯಲ್ಲಿ ಕೆಳಗಿನ ಅರ್ಧದಿಂದ ಶುರು ಮಾಡಿ. ಸರಾಗ ಬಂದರೆ ಪೆನ್ನಿನದಲ್ಲ, ಕೈಯದು. ಕೈ ಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಳ್ಳಿ.

ಕೇಳಿದವನು, ಹತ್ತು ದಿನದ ಮೇಲೆ

ಅಕ್ಕೋರೆ, ಬ್ಲೇಡು ಗೆಳೆಯನಿಗೇ ವಾಪಸ್ ಕೊಟ್ಟೆ. ಯಾದಗಿರಿ ಅಣ್ಣ ಹೇಳಿದ್ದನ್ನು ಮೊದಲು ಮಾಡಿದೆ, ದುಡ್ಡು ಖರ್ಚಿಲ್ಲದ್ದು ಅಂತ. ಕೆಳಗಿನಿಂದ ಶುರು ಮಾಡಿದರೂ ಹನ್ನೆರಡು ಸಾಲಿಗೆ ನಿಂತಿತು, ಅಂದರೆ ಪೆನ್ನಿನದೇ. ಬಿಚ್ಚಿ ಬಲ್ಬಿಗೆ ಹಿಡಿದರೆ ನೀವು ಹೇಳಿದ ಹಾಗೇ ಇಂಕು ಮೇಲೆ, ಕೆಳಗೆ ಗುಳ್ಳೆ. ಸೋಪಿನ ನೀರು ಹಾಕಿದೆ, ನಿಬ್ಬು ನಾಲ್ಕು ರಾತ್ರಿ ನೆನೆಸಿದೆ. ಎರಡನೇ ರಾತ್ರಿ ಕೆಂಪು ಬಂತು. ಅಪ್ಪನಿಗೆ ಫೋನ್ ಮಾಡಿ ಕೇಳಿದರೆ, ಒಂದು ವರ್ಷ ಲೆಕ್ಕದ ಪುಸ್ತಕ ನೋಡಲು ಕೆಂಪು ಇಂಕು ಹಾಕಿದ್ದೆ, ನಿನಗೆ ಹೇಗೆ ಗೊತ್ತಾಯ್ತು ಅಂದರು.

ಆಮೇಲೆ ಎರಡು ದಿನ ಕೊಡವದೆ ಬರೆದೆ. ಮೂರನೇ ದಿನ ಪುಟದ ನಡುವೆ ಮತ್ತೆ ನಿಂತಿತು, ಎದೆ ಧಸಕ್ ಅಂತು. ಬಿಚ್ಚಿ ನೋಡಿದರೆ ಇಂಕೇ ಖಾಲಿ.