ಹೊಸ ರಿಲೇ ಹಾಕಿದ ಮೇಲೆ 6 ಎಂವಿಎ ದಾಟಿದರೆ ಡಿಫರೆನ್ಷಿಯಲ್ ಟ್ರಿಪ್: ಎಲ್ಲಿ ಹುಡುಕಬೇಕು?

ತಾಮ್ರತಂತಿ:
20 ಎಂವಿಎ, 66/11 ಕೆವಿ, ಡಿವೈಎನ್‌11 ಟ್ರಾನ್ಸ್‌ಫಾರ್ಮರ್ (66 ಕೆವಿ ಕಡೆ ಡೆಲ್ಟಾ, 11 ಕೆವಿ ಕಡೆ ಸ್ಟಾರ್, ನಡುವೆ 30 ಡಿಗ್ರಿ ಕೋನ). ಎಚ್‌ವಿ (66 ಕೆವಿ) ಕಡೆಯ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, 200/1; ಎಲ್‌ವಿ (11 ಕೆವಿ) ಕಡೆಯ ಸಿಟಿ 1500/1. ಎರಡೂ ಕಡೆಯ ಕರೆಂಟ್ ಹೋಲಿಸಿ, ವ್ಯತ್ಯಾಸ (ಡಿಫರೆನ್ಷಿಯಲ್) ಹೆಚ್ಚಾದರೆ ಟ್ರಿಪ್ ಮಾಡುವ ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ರಿಲೇ ತೆಗೆದು ನ್ಯೂಮರಿಕಲ್ ರಿಲೇ ಕೂರಿಸಿದ್ದೇವೆ. ಪಿಕಪ್ (ಟ್ರಿಪ್ ಆಗಲು ಬೇಕಾದ ಕನಿಷ್ಠ ವ್ಯತ್ಯಾಸ) 0.3, ಮೊದಲ ಸ್ಲೋಪ್ (ಕರೆಂಟ್ ಏರಿದಂತೆ ಆ ಮಿತಿ ಏರುವ ಪ್ರಮಾಣ) ಶೇ 30. ಲೋಡ್ 6 ಎಂವಿಎ ದಾಟುತ್ತಿದ್ದಂತೆ ಟ್ರಿಪ್ ಆಗುತ್ತದೆ. 5 ಎಂವಿಎ ಲೋಡಿನಲ್ಲಿ ರಿಲೇಗೆ ಬರುತ್ತಿರುವುದು ಎಚ್‌ವಿ ಕಡೆ 0.22 ಆಂಪಿಯರ್, ಎಲ್‌ವಿ ಕಡೆ 0.30 ಆಂಪಿಯರ್, ಡಿಫರೆನ್ಷಿಯಲ್ 0.25 ಪಿಯು (ಪೂರ್ಣ ಲೋಡಿನ ಕರೆಂಟನ್ನು 1 ಎಂದಿಟ್ಟ ಅಳತೆ). ಮೂರೂ ಫೇಸ್‌ಗಳಲ್ಲಿ ಇದೇ ಕಥೆ. ಟ್ರಾನ್ಸ್‌ಫಾರ್ಮರ್ ಪರೀಕ್ಷೆಗಳಲ್ಲಿ ದೋಷ ಕಂಡಿಲ್ಲ. ಪಿಕಪ್ ಏರಿಸಬಹುದೇ?

ಲೋಡ್‌ಶೆಡ್:
ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸಲು ಸುತ್ತುಗಳ ಸಂಖ್ಯೆ ಬದಲಿಸುವ ಸಾಧನ) ಯಾವ ಸ್ಥಾನದಲ್ಲಿದೆ? ಕೊನೆಯ ಟ್ಯಾಪಿನಲ್ಲಿದ್ದರೆ ಅನುಪಾತ ಬದಲಾಗಿ ವ್ಯತ್ಯಾಸ ಬರುತ್ತದೆ. ಪಿಕಪ್ 0.5 ಮಾಡಿ ನೋಡಿ.

ಶೂನ್ಯಕ್ರಮ:
ಪಿಕಪ್ ಮುಟ್ಟಬೇಡಿ. ಅದನ್ನು ಏರಿಸಿದರೆ ಟ್ರಿಪ್ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಜೊತೆಗೆ ಸುತ್ತುಗಳ ನಡುವಿನ ಸಣ್ಣ ದೋಷಗಳು ರಿಲೇ ಕಣ್ಣಿಗೆ ಬೀಳದಂತಾಗುತ್ತವೆ.

5 ಎಂವಿಎ ಎಂದರೆ 0.25 ಪಿಯು. ನಿಮ್ಮ ಡಿಫರೆನ್ಷಿಯಲ್ಲೂ 0.25. ಹಾದುಹೋಗುವ ಕರೆಂಟಿನಷ್ಟೇ ಡಿಫರೆನ್ಷಿಯಲ್ ಕಾಣುತ್ತಿದೆ. ಟ್ಯಾಪಿನಿಂದ ಬರುವುದು ಹೆಚ್ಚೆಂದರೆ ಶೇ 10–15, ಅದು ಈ ಲೆಕ್ಕಕ್ಕೆ ಸಾಲದು. ಸಿಟಿ ಪೊಲಾರಿಟಿ ತಿರುಗಿದ್ದರೆ ಎರಡು ಪಟ್ಟು ಬರಬೇಕಿತ್ತು. 30 ಡಿಗ್ರಿ ಸರಿದೂಗಿಸುವುದನ್ನು ಬಿಟ್ಟಿದ್ದರೆ 0.52 ಪಟ್ಟು. ಡಿವೈಎನ್‌11 ಬದಲು ಡಿವೈಎನ್‌1 ಕೊಟ್ಟಿದ್ದರೆ ಕೋನ 60 ಡಿಗ್ರಿ ತಪ್ಪಿ ಸರಿಯಾಗಿ ಒಂದು ಪಟ್ಟು. ಮೊದಲ ನೋಟಕ್ಕೆ ಅದೇ ಅನ್ನಿಸುತ್ತದೆ, ಆದರೆ ಆಗ ಕರೆಂಟಿನ ಪ್ರಮಾಣ ಸರಿಯಿದ್ದು ಕೋನ ಮಾತ್ರ ತಪ್ಪಿರುತ್ತದೆ.

ನಿಮ್ಮಲ್ಲಿ ಪ್ರಮಾಣವೇ ತಪ್ಪಿದೆ. 11 ಕೆವಿ ಕಡೆ 5 ಎಂವಿಎಗೆ ಸುಮಾರು 262 ಆಂಪಿಯರ್. 1500ರಿಂದ ಭಾಗಿಸಿದರೆ 0.175. ರಿಲೇ ನೋಡುತ್ತಿರುವುದು 0.30. ಭಾಗಿಸಿ ನೋಡಿ, 1.73 ಬರುತ್ತದೆ, ಮೂರರ ವರ್ಗಮೂಲ. ಆ ಸಂಖ್ಯೆ ಕಂಡರೆ ಡೆಲ್ಟಾ ಹುಡುಕಬೇಕು. ಹಳೆಯ ರಿಲೇಗಾಗಿ ಎಲ್‌ವಿ ಸಿಟಿಗಳನ್ನು ಡೆಲ್ಟಾದಲ್ಲಿ ಜೋಡಿಸಿರುತ್ತಾರೆ, ಕೋನ ಅಲ್ಲಿಯೇ ಸರಿಹೋಗಲಿ ಎಂದು. ಹೊಸ ರಿಲೇ ಅದೇ ಕೆಲಸವನ್ನು ಒಳಗೆ ಮತ್ತೊಮ್ಮೆ ಮಾಡುತ್ತಿದೆ. ಹೀಗಾಗಿ ಎಲ್‌ವಿ ಕರೆಂಟ್ 1.73 ಪಟ್ಟು ಹಿಗ್ಗಿ, 30 ಡಿಗ್ರಿ ಹೆಚ್ಚಾಗಿ ತಿರುಗಿದೆ. ಈ ಎರಡನ್ನೂ ಸೇರಿಸಿ ಫೇಸರ್ (ಪ್ರಮಾಣ, ಕೋನ ಎರಡನ್ನೂ ತೋರಿಸುವ ಬಾಣ) ಬರೆದರೂ ವ್ಯತ್ಯಾಸ ಒಂದು ಪಟ್ಟೇ.

ತಾಮ್ರತಂತಿ:
ನಕ್ಷೆಯಲ್ಲಿ ಸ್ಟಾರ್ ಎಂದೇ ಇದೆ, ಸರ್. ಆದರೆ ಸಿಟಿ ತಂತಿಗಳು ಬಂದು ಸೇರುವ ಮಾರ್ಷಲಿಂಗ್ ಬಾಕ್ಸ್ ತೆರೆದರೆ ಡೆಲ್ಟಾ ಲಿಂಕುಗಳು ಹಾಗೆಯೇ ಇವೆ. ವೈರಿಂಗ್ ಬಿಚ್ಚದೆ ಸೆಟ್ಟಿಂಗಿನಲ್ಲೇ ಸರಿಮಾಡಲು ಸಾಧ್ಯವೇ?

ಶೂನ್ಯಕ್ರಮ:
ಸಾಧ್ಯ. ವೆಕ್ಟರ್ ಗ್ರೂಪ್ (ಎರಡು ಕಡೆಯ ನಡುವಿನ ಕೋನದ ಸೆಟ್ಟಿಂಗ್) ಸೊನ್ನೆ ಕೊಟ್ಟು, ಎಲ್‌ವಿ ಸಿಟಿ ಅನುಪಾತವನ್ನು 866/1 ಎಂದು ನಮೂದಿಸಿದರೆ ಡಿಫರೆನ್ಷಿಯಲ್ ಸುಮ್ಮನಾಗುತ್ತದೆ. ನನಗೆ ಇಷ್ಟವಿಲ್ಲದ ದಾರಿ. ಡೆಲ್ಟಾದಲ್ಲಿ ಶೂನ್ಯಕ್ರಮದ ಕರೆಂಟ್ (ಅರ್ತ್ ಫಾಲ್ಟ್ ಆದಾಗ ಮೂರೂ ಫೇಸ್‌ಗಳಲ್ಲಿ ಒಂದೇ ಕೋನದಲ್ಲಿ ಹರಿಯುವ ಭಾಗ) ಹೊರಗೆ ಬಾರದು. ಆ ಸಿಟಿಗಳಿಂದ ರಿಸ್ಟ್ರಿಕ್ಟೆಡ್ ಅರ್ತ್ ಫಾಲ್ಟ್ ರಕ್ಷಣೆ (ಟ್ರಾನ್ಸ್‌ಫಾರ್ಮರಿನ ಅರ್ತ್ ಫಾಲ್ಟನ್ನಷ್ಟೇ ಹಿಡಿಯುವುದು) ಪಡೆಯಲಾಗದು. ಮುಂದೆ ಬರುವ ಇಂಜಿನಿಯರ್ 866 ನೋಡಿ ತಲೆ ಕೆರೆದುಕೊಳ್ಳುವುದಂತೂ ಖಂಡಿತ.

ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿಸಿ ಸ್ಟಾರ್ ಮಾಡಿ. ಸ್ಟಾರ್ ಬಿಂದುವಿಗೆ ಅರ್ತ್ ಒಂದೇ ಕಡೆ ಇರಲಿ, ಎರಡೂ ಕಡೆಯ ಸ್ಟಾರ್ ದಿಕ್ಕು ರಿಲೇ ಕೇಳಿದಂತೆಯೇ ಇರಲಿ. ಲೋಡ್ ಇರುವಾಗ ಸಿಟಿ ಸೆಕೆಂಡರಿ ತೆರೆಯಲೇಬಾರದು ಎಂಬುದು ನಿಮಗೆ ಗೊತ್ತೇ ಇದೆ. ಇನ್ನೊಂದು ವಿಷಯ: ಇಷ್ಟು ದಿನ ಶೂನ್ಯಕ್ರಮವನ್ನು ತಡೆಯುತ್ತಿದ್ದ ಡೆಲ್ಟಾ ಇನ್ನು ಇರುವುದಿಲ್ಲ. ಎಲ್‌ವಿ ನ್ಯೂಟ್ರಲ್ ಅರ್ತ್ ಆಗಿರುವುದರಿಂದ ರಿಲೇಯ ಶೂನ್ಯಕ್ರಮ ಫಿಲ್ಟರ್ ಚಾಲೂ ಇರಬೇಕು. ಇಲ್ಲದಿದ್ದರೆ ಹೊರಗಿನ ಫೀಡರಿನಲ್ಲಿ ಅರ್ತ್ ಫಾಲ್ಟ್ ಆದಾಗ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಗಬಹುದು.

ತಾಮ್ರತಂತಿ:
ಸ್ಟಾರ್ ಮಾಡಿದೆವು, ಫಿಲ್ಟರ್ ಚಾಲೂ ಇದೆ. ಅದೇ 5 ಎಂವಿಎಯಲ್ಲಿ ಎಲ್‌ವಿ 0.18 ಆಂಪಿಯರ್, ಡಿಫರೆನ್ಷಿಯಲ್ 0.01. ಪಿಕಪ್ 0.3ರಲ್ಲೇ ಉಳಿದಿದೆ.