ಒಂದೇ ಕೋಣೆಯಲ್ಲಿದ್ದವರಲ್ಲಿ ಒಬ್ಬನಿಗೆ ಮಾತ್ರ ಮತ್ತೆ ಮತ್ತೆ ಮೆನಿಂಜೈಟಿಸ್ ಏಕೆ?

ಪ್ರಶ್ನೆ:
ನನ್ನ ಅಕ್ಕನ ಮಗನಿಗೆ ಪಿಯುಸಿ ಓದುವಾಗ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ (ಮಿದುಳು, ಬೆನ್ನುಹುರಿಯ ಹೊದಿಕೆಯ ಸೋಂಕು) ಬಂದಿತ್ತು. ಈಗ ಅದೇ ಕಾಯಿಲೆ ಎರಡನೇ ಸಲ ಬಂದು, ಚೇತರಿಸಿಕೊಂಡು ಮನೆಗೆ ಬಂದಿದ್ದಾನೆ. ಹಾಸ್ಟೆಲ್ಲಿನಲ್ಲಿ ಅವನ ಕೋಣೆಯಲ್ಲಿದ್ದ ಬೇರೆ ಯಾರಿಗೂ ಏನೂ ಆಗಿಲ್ಲ. ವೈದ್ಯರು ಕಾಂಪ್ಲಿಮೆಂಟ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಭಾವ ನಮ್ಮ ಸೋದರಮಾವನ ಮಗನೇ ಆಗಿರುವುದರಿಂದ ಕೇಳುತ್ತಿದ್ದೇನೆ: ಇದು ವಂಶದಿಂದ ಬರುವಂಥದ್ದೇ? ಅವನ ತಂಗಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ 1:
ಈ ಬ್ಯಾಕ್ಟೀರಿಯಾ ಸುಮಾರು 10% ವಯಸ್ಕರ ಮೂಗು-ಗಂಟಲಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಅದು ರಕ್ತಕ್ಕಿಳಿದರೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿ ಎಚ್ಚೆತ್ತು, ಕೊನೆಯಲ್ಲಿ ಸಿ5ರಿಂದ ಸಿ9ರವರೆಗಿನವು ಒಟ್ಟುಗೂಡಿ ಬ್ಯಾಕ್ಟೀರಿಯಾದ ತೆಳುವಾದ ಹೊರಪೊರೆಯಲ್ಲಿ ರಂಧ್ರ ಕೊರೆದು ಅದನ್ನು ಕೊಲ್ಲುತ್ತವೆ. ಈ ಕೊನೆಯ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದವರಿಗೆ ಮೆನಿಂಗೊಕಾಕಸ್ ಕಾಯಿಲೆಯ ಅಪಾಯ ಇತರರಿಗಿಂತ ಸಾವಿರ ಪಟ್ಟಿಗೂ ಹೆಚ್ಚಿರಬಹುದು. ಹದಿಹರೆಯದಲ್ಲಿ ಮೊದಲ ಸಲ ಬಂದು ಮರುಕಳಿಸುವುದು ಈ ಕೊರತೆಯಲ್ಲಿ ಕಾಣುವ ಕ್ರಮವೇ ಆಗಿದೆ; ನಿಮ್ಮ ವೈದ್ಯರು ಸರಿಯಾದ ಪರೀಕ್ಷೆಯನ್ನೇ ಬರೆದಿದ್ದಾರೆ.

ಸಾಮಾನ್ಯವಾಗಿ ಮೊದಲು ಮಾಡುವುದು ಸಿಎಚ್50, ಅಂದರೆ ಈ ಸರಣಿ ಕೊನೆಯವರೆಗೂ ಕೆಲಸ ಮಾಡುತ್ತದೆಯೇ ಎಂದು ನೋಡುವ ರಕ್ತಪರೀಕ್ಷೆ. ಸಿ5ರಿಂದ ಸಿ8ರವರೆಗಿನ ಪ್ರೋಟೀನುಗಳಲ್ಲಿ ಒಂದು ಪೂರ್ತಿ ಇಲ್ಲದಿದ್ದರೆ ಫಲಿತಾಂಶ ಬಹುತೇಕ ಸೊನ್ನೆಗೆ ಇಳಿಯುತ್ತದೆ; ಸಿ9 ಇಲ್ಲದಿದ್ದರೆ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಆದರೆ ಈ ಪ್ರೋಟೀನುಗಳು ಬೇಗ ಕೆಡುತ್ತವೆ. ತೆಗೆದ ರಕ್ತದಿಂದ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು) ತಡವಿಲ್ಲದೆ ಬೇರ್ಪಡಿಸಿ ಹೆಪ್ಪುಗಟ್ಟಿಸಿಡದೆ, ಬೆಳಗಿನ ಮಾದರಿಯನ್ನು ಸಂಜೆಯವರೆಗೆ ಹೊರಗಿಟ್ಟರೆ, ಆರೋಗ್ಯವಂತರಲ್ಲೂ ಕಡಿಮೆ ಎಂದು ಬರಬಹುದು. ಸೋಂಕಿನ ನಡುವೆಯೂ ಮಟ್ಟ ತಗ್ಗುವುದುಂಟು. ಆದ್ದರಿಂದ ಪೂರ್ತಿ ಚೇತರಿಸಿಕೊಂಡ ಮೇಲೆ, ಈ ಪರೀಕ್ಷೆಯನ್ನು ಅಲ್ಲೇ ಮಾಡುವ ಲ್ಯಾಬಿನಲ್ಲಿ ರಕ್ತ ಕೊಡುವುದು ಒಳ್ಳೆಯದು.

ಉತ್ತರ 2:
ವಂಶದ ಪ್ರಶ್ನೆಗೆ ಸೇರಿಸುತ್ತೇನೆ. ಸಿ5ರಿಂದ ಸಿ9ರವರೆಗಿನ ಕೊರತೆಗಳು ತಂದೆ ತಾಯಿ ಇಬ್ಬರಿಂದಲೂ ಆ ಜೀನಿನ ದೋಷವಿರುವ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ರಕ್ತಸಂಬಂಧದ ಮದುವೆಯಲ್ಲಿ ಅದರ ಸಂಭವ ಹೆಚ್ಚು. ಇದರಲ್ಲಿ ಅಕ್ಕ-ಭಾವ ತಪ್ಪಿತಸ್ಥರೆಂದು ಭಾವಿಸಬೇಕಾಗಿಲ್ಲ. ಹುಡುಗನಲ್ಲಿ ಕೊರತೆ ಖಚಿತವಾದರೆ ಅವನ ತಂಗಿಗೂ ಅದು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳಿಗೆ ಇದುವರೆಗೆ ಏನೂ ಆಗಿಲ್ಲವೆಂದು ಪರೀಕ್ಷೆಯನ್ನು ಬಿಡಬೇಡಿ. ಕಾಂಪ್ಲಿಮೆಂಟಿನದೇ ಆದ ಪ್ರಾಪರ್ಡಿನ್ ಎಂಬ ಪ್ರೋಟೀನಿನ ಕೊರತೆ ಮಾತ್ರ ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಅದು ಸಿಎಚ್50ರಲ್ಲಿ ಸಿಕ್ಕಿಬೀಳುವುದಿಲ್ಲ, ಕಾಂಪ್ಲಿಮೆಂಟ್ ಎಚ್ಚೆತ್ತುಕೊಳ್ಳುವ ಇನ್ನೊಂದು ದಾರಿಯನ್ನು ನೋಡುವ ಎಎಚ್50 ಪರೀಕ್ಷೆ ಬೇಕು.

ಉತ್ತರ 3:
ಒಂದೇ ಜೀನಿನ ಕೊರತೆ ಇಲ್ಲದವರಲ್ಲೂ ಆನುವಂಶಿಕ ವ್ಯತ್ಯಾಸ ಕೆಲಸ ಮಾಡುತ್ತದೆ. ನಮ್ಮ ಜೀವಕೋಶಗಳ ಮೇಲೆ ಕಾಂಪ್ಲಿಮೆಂಟ್ ದಾಳಿ ಮಾಡದಂತೆ ತಡೆಯುವುದು ಫ್ಯಾಕ್ಟರ್ ಎಚ್ ಎಂಬ ಪ್ರೋಟೀನು. ಮೆನಿಂಗೊಕಾಕಸ್ ಅದನ್ನೇ ಹಿಡಿದು ಮೈಗೆ ಅಂಟಿಸಿಕೊಂಡು, ಕಳ್ಳ ಪೊಲೀಸರ ಸಮವಸ್ತ್ರ ತೊಟ್ಟಂತೆ, ತಪ್ಪಿಸಿಕೊಳ್ಳುತ್ತದೆ. 2010ರಲ್ಲಿ ಯುರೋಪಿನ ರೋಗಿಗಳ ಜೀನೋಮುಗಳನ್ನು ಹೋಲಿಸಿದ ಅಧ್ಯಯನವು ಈ ಫ್ಯಾಕ್ಟರ್ ಎಚ್ ಜೀನಿನ ಆಸುಪಾಸಿನ ವ್ಯತ್ಯಾಸಗಳಿಗೂ ಕಾಯಿಲೆಯ ಅಪಾಯಕ್ಕೂ ನಂಟಿದೆಯೆಂದು ತೋರಿಸಿತು. ಆ ಪರಿಣಾಮ ಚಿಕ್ಕದು. ಅದಕ್ಕಾಗಿ ಮನೆಮಂದಿಯೆಲ್ಲ ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದರಿಂದ ಉಪಯೋಗವಿಲ್ಲ.

ಕೊರತೆ ಖಚಿತವಾದರೆ ಮೆನಿಂಗೊಕಾಕಸ್ಸಿನ ಎ, ಸಿ, ವೈ, ಡಬ್ಲ್ಯು ಬಗೆಗಳ ವಿರುದ್ಧದ ಎಸಿವೈಡಬ್ಲ್ಯು ಲಸಿಕೆ, ಸಿಗುವುದಾದರೆ ಅದರ ಬಿ ಬಗೆಯ ಲಸಿಕೆಯನ್ನೂ ಕೊಡಿಸಿ, ಬೂಸ್ಟರ್ ಡೋಸುಗಳನ್ನು ತಪ್ಪಿಸಬೇಡಿ. ರಂಧ್ರ ಕೊರೆಯಲಾಗದಿದ್ದರೂ, ಲಸಿಕೆಯಿಂದ ಬರುವ ಪ್ರತಿಕಾಯಗಳ ನೆರವಿನಿಂದ ಬಿಳಿರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಬಲ್ಲವು. ಆದರೂ ಲಸಿಕೆಯ ರಕ್ಷಣೆ ಪೂರ್ತಿಯಲ್ಲ. ಹುಡುಗನಿಗೆ ಜ್ವರ ಬಂದ ಕೂಡಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ದು ಈ ಕೊರತೆಯ ವಿಷಯವನ್ನು ಮೊದಲು ತಿಳಿಸಿ.